ಬೆನ್ನು ಓಡಿಸುವ ದೋಣಿ: ಪ್ಯಾರಾ ರೋಯಿಂಗ್ ರಸಿಕರಿಗೊಂದು ಕೈಪಿಡಿ

ರೋಯಿಂಗ್ ಪಂದ್ಯವನ್ನು ಮೊದಲ ಸಲ ಟಿವಿಯಲ್ಲಿ ನೋಡಿದವರ ದೂರು ಹೆಚ್ಚುಕಮ್ಮಿ ಒಂದೇ: ಶುರುವಿನಿಂದ ಕೊನೆಯವರೆಗೆ ಒಂದೇ ಥರ ಇರುತ್ತದೆ. ಆರು ದೋಣಿ, ಆರು ಲೇನು, ನೇರ ನೀರು. ಚೆಂಡಿಲ್ಲ, ಗೋಲಿಲ್ಲ, ಔಟಿಲ್ಲ. ಪ್ಯಾರಾ ರೋಯಿಂಗ್ ಆದರೆ ಇನ್ನೊಂದು ತೊಡಕೂ ಸೇರಿಕೊಳ್ಳುತ್ತದೆ. ದೋಣಿಗಳು ಗೆರೆಯ ಮೇಲೆ ಸಾಲಾಗಿ ನಿಲ್ಲುವಾಗ ಕಾಮೆಂಟರಿಯವರು ಒಬ್ಬೊಬ್ಬರ ಅಪಘಾತ, ಕಾಯಿಲೆ, ಆಸ್ಪತ್ರೆಯ ಕಥೆ ಹೇಳುತ್ತಾರೆ. ಕೇಳಿ ಮನಸ್ಸು ಕರಗುತ್ತದೆ. ಕರಗಿದ ಮನಸ್ಸಿಗೆ ಪಂದ್ಯ ಕಾಣುವುದಿಲ್ಲ, ಎಲ್ಲರೂ ಆಗಲೇ ಗೆದ್ದಂತೆ ಅನ್ನಿಸಿಬಿಡುತ್ತದೆ. ಯಾರು ಚೆನ್ನಾಗಿ ಹುಟ್ಟು ಹಾಕಿದರು, ಯಾರು ತಪ್ಪಿದರು ಎಂದು ಹೇಳಲಾಗದ ನೋಡುಗ ಕ್ರೀಡಾಪಟುವಿಗೆ ಕೊಡುವ ಗೌರವವೂ ಅರೆಬರೆಯದೇ.

ಹಾಗಾಗಿ ಕಥೆಗಿಂತ ಮೊದಲು ಆಟವನ್ನು ಓದುವುದು ಹೇಗೆಂದು ಕಲಿಯೋಣ. ಪಠ್ಯವಾಗಿ ಒಬ್ಬರನ್ನೇ ಇಟ್ಟುಕೊಳ್ಳುತ್ತೇನೆ: ಬ್ರಿಟನ್ನಿನ ಲಾರೆನ್ ರೋಲ್ಸ್. 2016ರ ರಿಯೊ, 2021ರಲ್ಲಿ ನಡೆದ ಟೋಕಿಯೊ, 2024ರ ಪ್ಯಾರಿಸ್, ಹೀಗೆ ಸತತ ಮೂರು ಪ್ಯಾರಾಲಿಂಪಿಕ್ಸ್‌ನಲ್ಲಿ ಒಂದೇ ಬಗೆಯ ದೋಣಿಯಲ್ಲಿ ಚಿನ್ನ ಗೆದ್ದವರು. ದೂರ ಒಮ್ಮೆ ಬದಲಾಯಿತು, ಜೊತೆಗಾರ ಒಮ್ಮೆ ಬದಲಾದ. ಏನು ಬದಲಾದರೆ ಏನಾಗುತ್ತದೆ ಎಂದು ಹೋಲಿಸಿ ನೋಡಲು ಇಷ್ಟು ಅನುಕೂಲವಾದ ವೃತ್ತಿಜೀವನ ಸುಲಭಕ್ಕೆ ಸಿಗುವುದಿಲ್ಲ.

ಮೊದಲು ಸೀಟು ನೋಡಿ

ಸಾಮಾನ್ಯ ರೇಸಿಂಗ್ ದೋಣಿಯ ಸೀಟಿಗೆ ಗಾಲಿಗಳಿರುತ್ತವೆ. ಹುಟ್ಟು ಹಾಕುವವರು ಮಂಡಿ ಮಡಚಿ ಮುಂದೆ ಜಾರಿ, ಕಾಲಿನಿಂದ ಒದ್ದು ಹಿಂದೆ ಸರಿಯುತ್ತಾರೆ. ಶಕ್ತಿಯ ದೊಡ್ಡ ಪಾಲು ಬರುವುದು ತೊಡೆಯಿಂದಲೇ. ಪ್ಯಾರಾ ರೋಯಿಂಗ್‌ನ ವರ್ಗಗಳು ಹುಟ್ಟುವುದೂ ಇಲ್ಲಿಂದಲೇ: ದೇಹದ ಎಷ್ಟು ಭಾಗ ದೋಣಿಯನ್ನು ತಳ್ಳಬಲ್ಲದು?

ಪಿಆರ್3 ವರ್ಗದವರಿಗೆ ಕಾಲು, ಬೆನ್ನು, ತೋಳು ಮೂರೂ ಸಾಕಷ್ಟು ಕೆಲಸ ಮಾಡುತ್ತವೆ, ಸೀಟು ಜಾರುತ್ತದೆ. ಪಿಆರ್1 ವರ್ಗದವರಿಗೆ ಭುಜ ಮತ್ತು ತೋಳೇ ಆಸರೆ. ಸೀಟಿಗೆ ಬೆನ್ನೊರಗು ಇರುತ್ತದೆ, ಎದೆಗೆ ಪಟ್ಟಿ ಬಿಗಿದಿರುತ್ತದೆ, ದೋಣಿ ಮಗುಚದಂತೆ ಎರಡೂ ಬದಿಗೆ ತೇಲುಗಟ್ಟೆ ಕಡ್ಡಾಯ. ಇವೆರಡರ ನಡುವಿನದು ಪಿಆರ್2. ಸೀಟು ಜಾರುವುದಿಲ್ಲ, ಒರಗುವುದಕ್ಕೂ ಏನಿಲ್ಲ, ತೊಡೆಗೆ ಪಟ್ಟಿ. ಸೊಂಟದಿಂದ ಮೇಲಕ್ಕೆ ಬೆನ್ನು ಬಾಗಬೇಕು, ಬಿಚ್ಚಬೇಕು. ಉಳಿದದ್ದು ತೋಳಿನ ಕೆಲಸ. ರೋಲ್ಸ್ ಇಲ್ಲಿಯವರು. ಅವರ ಸ್ಪರ್ಧೆ ಪಿಆರ್2 ಮಿಶ್ರ ಡಬಲ್ ಸ್ಕಲ್ಸ್: ದೋಣಿಯಲ್ಲಿ ಒಬ್ಬ ಗಂಡು, ಒಬ್ಬ ಹೆಣ್ಣು, ಒಬ್ಬೊಬ್ಬರ ಕೈಯಲ್ಲಿ ಎರಡೆರಡು ಹುಟ್ಟು.

ಕಾಯಿಲೆಯ ಹೆಸರು ಯಾವುದೆಂಬುದು ಈ ವಿಂಗಡಣೆಗೆ ಮುಖ್ಯವಲ್ಲ. 13ನೆಯ ವಯಸ್ಸಿನಲ್ಲಿ, 2012ರಲ್ಲಿ, ಬೆನ್ನುಹುರಿಯ ಉರಿಯೂತದಿಂದ ರೋಲ್ಸ್ ಕಾಲುಗಳ ಬಲ ಕಳೆದುಕೊಂಡರು. ಪ್ಯಾರಿಸ್‌ನಲ್ಲಿ ಅವರ ಜೊತೆಗಿದ್ದ ಗ್ರೆಗ್ ಸ್ಟೀವನ್‌ಸನ್ ಬ್ರಿಟಿಷ್ ಸೇನೆಯಲ್ಲಿದ್ದವರು. 2009ರಲ್ಲಿ ಅಫ್ಘಾನಿಸ್ತಾನದ ಸ್ಫೋಟದಲ್ಲಿ ಎರಡೂ ಕಾಲು ಹೋದವು. ವೈದ್ಯರ ಕಡತದಲ್ಲಿ ಇವೆರಡಕ್ಕೂ ಸಂಬಂಧವಿಲ್ಲ. ದೋಣಿಯಲ್ಲಿ ಮಾತ್ರ ಇಬ್ಬರ ಕೆಲಸವೂ ಒಂದೇ. ಕಾಮೆಂಟರಿಯಲ್ಲಿ ಕಥೆ ಬಂದಾಗ ಅದರಿಂದ ತೆಗೆದುಕೊಳ್ಳಬೇಕಾದ ಮಾಹಿತಿ ಇಷ್ಟು: ಈ ದೇಹದಲ್ಲಿ ಬಲ ಎಲ್ಲಿಂದ ಶುರುವಾಗುತ್ತದೆ?

ಒಂದು ಹೊಡೆತದ ಒಳಗೆ

ಹರಿಗೋಲಿನ ಅಂಬಿಗನಿಗೆ ಎದುರು ದಡ ಕಾಣುತ್ತದೆ. ಇಲ್ಲಿಯವರು ಗುರಿಗೆ ಬೆನ್ನು ಮಾಡಿ ಕೂತವರು. ಅವರಿಗೆ ಕಾಣುವುದು ತಾವು ಹಿಂದೆ ಹಾಕಿದವರು ಮಾತ್ರ. ಅದಕ್ಕೇ ಮುಂದಿರುವ ದೋಣಿಗೆ ಸ್ವಲ್ಪ ಅನುಕೂಲ: ಬೆನ್ನಟ್ಟುವವರ ಮೇಲೆ ಅದು ಕಣ್ಣಿಟ್ಟಿರಬಹುದು.

ಪಿಆರ್2 ದೋಣಿಯ ಒಂದು ಹೊಡೆತದಲ್ಲಿ ನಾಲ್ಕು ಘಟ್ಟ. ಸೊಂಟದಿಂದ ಮುಂದೆ ಬಾಗಿ, ತೋಳು ನೀಡಿ, ಹುಟ್ಟಿನ ಅಲಗನ್ನು ನೀರಿಗಿಳಿಸುವುದು ಮೊದಲನೆಯದು. ತೋಳು ನೇರವಾಗಿಯೇ ಇರುವಾಗ ಬೆನ್ನು ಹಿಂದಕ್ಕೆ ಬಿಚ್ಚಿಕೊಳ್ಳುವುದು ಎರಡನೆಯದು. ಕೊನೆಗೆ ತೋಳು ಮಡಚಿ ಹಿಡಿಯನ್ನು ಪಕ್ಕೆಲುಬಿನವರೆಗೆ ಎಳೆಯುವುದು ಮೂರನೆಯದು. ಅಲಗನ್ನು ಎತ್ತಿ ಮಲಗಿಸಿ, ಮೊದಲು ಕೈ ಚಾಚಿ, ಆಮೇಲೆ ಬೆನ್ನು ಬಾಗಿಸಿ ಮತ್ತೆ ಮುಂದೆ ಹೋಗುವುದು ನಾಲ್ಕನೆಯದು.

ಹೊಸ ನೋಡುಗರ ಕಣ್ಣು ಎಳೆತದ ಮೇಲಿರುತ್ತದೆ. ಪಳಗಿದವರ ಕಣ್ಣು ನಾಲ್ಕನೆಯ ಘಟ್ಟದ ಮೇಲಿರುತ್ತದೆ. ಅಲಗು ಗಾಳಿಯಲ್ಲಿರುವಾಗ ದೋಣಿ ತನ್ನಷ್ಟಕ್ಕೆ ಜಾರುತ್ತಿರುತ್ತದೆ. ಆಗ ಒಬ್ಬರ ಬೆನ್ನು ಅವಸರದಿಂದ ಮುಂದೆ ಬಿದ್ದರೆ ಆ ಜಾರುವಿಕೆಗೆ ಅಡ್ಡಿ. ಜೋಡಿ ಹಾಡುಗಾರಿಕೆಯಲ್ಲಿ ಇಬ್ಬರ ಕಂಠಕ್ಕಿಂತ ಇಬ್ಬರ ಉಸಿರು ಕೂಡುವುದು ಕಷ್ಟ. ಇಲ್ಲೂ ಎಳೆತಕ್ಕಿಂತ ಬಿಡುವು ಕೂಡುವುದೇ ಕಷ್ಟ. ಇಬ್ಬರ ತಲೆಗಳು ಒಟ್ಟಿಗೆ ಮುಂದೆ ಬರುತ್ತಿವೆಯೇ, ನಾಲ್ಕೂ ಅಲಗು ಒಟ್ಟಿಗೆ ನೀರು ಮುಟ್ಟುತ್ತಿವೆಯೇ, ಇಷ್ಟು ನೋಡಿದರೆ ಅರ್ಧ ಪಂದ್ಯ ಓದಿದ ಹಾಗೆ.

ಸೀಟು ಜಾರದ ಕಾರಣ ಹೊಡೆತ ಗಿಡ್ಡ. ಗಿಡ್ಡವಾದಷ್ಟೂ ಚೂರು ತಪ್ಪು ದುಬಾರಿ. ಅಲಗು ಒಂದಿಷ್ಟು ತಡವಾಗಿ ಮುಳುಗಿದರೂ ಎಳೆತದ ಗಣನೀಯ ಪಾಲು ಖಾಲಿ ಗಾಳಿಯಲ್ಲೇ ಕಳೆಯುತ್ತದೆ. ಸುಸ್ತಾದಾಗ ಮೊದಲು ಕಾಣುವ ದೋಷವೂ ಗೊತ್ತಿರಲಿ: ಬೆನ್ನು ಬಿಚ್ಚುವ ಮೊದಲೇ ತೋಳು ಮಡಚಿಕೊಳ್ಳುತ್ತದೆ. ದೊಡ್ಡ ಸ್ನಾಯುವಿನ ಕೆಲಸವನ್ನು ಚಿಕ್ಕ ಸ್ನಾಯು ಹೊತ್ತರೆ ಬಹಳ ಹೊತ್ತು ಬಾಳುವುದಿಲ್ಲ. ಅಂಥ ದೋಣಿ ಇನ್ನೂ ಮುಂದಿದ್ದರೂ ಸೋಲು ಹತ್ತಿರದಲ್ಲಿದೆ ಎಂದು ತಿಳಿಯಬಹುದು.

ಮೂರು ಫೈನಲ್, ಮೂರು ಪಾಠ

ರೋಲ್ಸ್ ನೀರಿಗೆ ಬಂದದ್ದು ಟ್ರ್ಯಾಕ್‌ನಿಂದ. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಇಂಗ್ಲೆಂಡ್ ಪರ ವೀಲ್‌ಚೇರ್ ಓಟದಲ್ಲಿ ಸ್ಪರ್ಧಿಸಿದ್ದರು. ಮರುವರ್ಷ ರೋಯಿಂಗ್‌ಗೆ ಬದಲಾದರು. ಲಾರೆನ್ಸ್ ವೈಟ್ಲಿ ಜೊತೆಗಾರರಾದರು. 2016ರ ಸೆಪ್ಟೆಂಬರ್‌ನಲ್ಲಿ, ರಿಯೊದ ಲಾಗೋವಾ ಸರೋವರದಲ್ಲಿ, 18ರ ಹುಡುಗಿ ಪ್ಯಾರಾಲಿಂಪಿಕ್ ಚಾಂಪಿಯನ್. ಚೀನಾಕ್ಕೆ ಬೆಳ್ಳಿ, ಫ್ರಾನ್ಸ್‌ಗೆ ಕಂಚು.

ರಿಯೊ ಫೈನಲ್ ನೋಡುವಾಗ ನೆನಪಿಡಬೇಕಾದದ್ದು ದೂರ: ಆಗ 1000 ಮೀಟರ್ ಮಾತ್ರ. ಬ್ರಿಟಿಷ್ ಜೋಡಿ ಅದನ್ನು ನಾಲ್ಕು ನಿಮಿಷದೊಳಗೆ ಮುಗಿಸಿತು. ಇಷ್ಟು ಚಿಕ್ಕ ಪಂದ್ಯದಲ್ಲಿ ನಿಂತ ದೋಣಿಯನ್ನು ಎಬ್ಬಿಸುವ ಮೊದಲ ಕೆಲವು ಹೊಡೆತಗಳಿಗೆ ತೂಕ ಜಾಸ್ತಿ. ಹಿಂದೆ ಬಿದ್ದವರಿಗೆ ಸರಿಪಡಿಸಿಕೊಳ್ಳಲು ನೀರು ಉಳಿದಿರುವುದಿಲ್ಲ. ಮೊದಲ ಪಾಠ: ಶುರು ನೋಡುವುದನ್ನು ಕಲಿಯಿರಿ. ಮೊದಲ ಎಳೆತಗಳು ಗಿಡ್ಡವಾಗಿರುತ್ತವೆ, ಬರಬರುತ್ತಾ ಉದ್ದವಾಗುತ್ತವೆ. ಎಲ್ಲಿ ಉದ್ದವಾದವು, ಎಷ್ಟು ನಯವಾಗಿ ಆದವು ಎಂಬುದು ತರಬೇತಿಯ ಗುರುತು.

2017ರಿಂದ ಪ್ಯಾರಾ ರೋಯಿಂಗ್‌ಗೂ 2000 ಮೀಟರ್ ಬಂತು, ಕಾಲಿನ ಬಲವಿರುವವರು ಓಡಿಸುವಷ್ಟೇ ದೂರ. ಇದು ಬರೀ ಅಳತೆಯ ಬದಲಾವಣೆಯಾಗಿರಲಿಲ್ಲ. ದೋಣಿಯ ವೇಗ ಹೆಚ್ಚಿದಂತೆ ಬೇಕಾದ ಶಕ್ತಿ ಅದರ ಘನದಷ್ಟು ಏರುತ್ತದೆ. ವೇಗವನ್ನು ಶೇ. 10ರಷ್ಟು ಏರಿಸಲು ಸುಮಾರು ಮೂರನೇ ಒಂದು ಪಾಲು ಹೆಚ್ಚು ಶಕ್ತಿ ಸುರಿಯಬೇಕು. ಆರಂಭದ ಉತ್ಸಾಹಕ್ಕೆ ಕೊನೆಯಲ್ಲಿ ಬಡ್ಡಿ ಕಟ್ಟಬೇಕೆಂದಾಯಿತು. ಎಂಟು ನಿಮಿಷದ ಆಸುಪಾಸಿನ ಈ ಪಂದ್ಯದಲ್ಲಿ ಬೆನ್ನಿನ ಸ್ನಾಯುಗಳಿಗೆ ಕಾಲಿನ ನೆರವಿಲ್ಲ, ಒರಗುವ ಸುಖವೂ ಇಲ್ಲ. ಟೋಕಿಯೊದ ಸೀ ಫಾರೆಸ್ಟ್ ಜಲಮಾರ್ಗದಲ್ಲಿ ರೋಲ್ಸ್ ಮತ್ತು ವೈಟ್ಲಿ ಈ ದೂರದಲ್ಲೂ ಗೆದ್ದರು, ನೆದರ್ಲೆಂಡ್ಸ್ ಎರಡನೆಯದಾಯಿತು. ಎರಡನೆಯ ಪಾಠ: ಪರದೆಯ ಮೂಲೆಯಲ್ಲಿ ಪ್ರತಿ 500 ಮೀಟರಿಗೆ ಬರುವ ಸಮಯವನ್ನು ಬರೆದುಕೊಳ್ಳಿ. ನಾಲ್ಕು ಅಂಕಿಗಳ ನಡುವಿನ ಅಂತರ ಕಡಿಮೆಯಿದ್ದರೆ ಆ ಜೋಡಿ ಲೆಕ್ಕ ಹಾಕಿ ಹೋಗಿದೆ. ಮೂರನೆಯ ತುಂಡು ವಿಪರೀತ ನಿಧಾನವಾಗಿದ್ದರೆ ಮೊದಲ ತುಂಡಿನ ಅವಸರಕ್ಕೆ ತೆತ್ತ ದಂಡ ಅದು.

ಮೂರನೆಯ ಪಾಠ ಎಲ್ಲಕ್ಕಿಂತ ಸ್ವಾರಸ್ಯದ್ದು. ಟೋಕಿಯೊ ನಂತರ ಜೊತೆಗಾರ ಬದಲಾದರು. ಸ್ಟೀವನ್‌ಸನ್ ವಯಸ್ಸಿನಲ್ಲಿ ರೋಲ್ಸ್‌ಗಿಂತ ಹತ್ತಕ್ಕೂ ಹೆಚ್ಚು ವರ್ಷ ದೊಡ್ಡವರು, ದೇಹದ ತೂಕ ಹಂಚಿಕೆಯೇ ಬೇರೆ. ಎರಡೂ ಕಾಲಿಲ್ಲದವರ ಭಾರ ದೋಣಿಯಲ್ಲಿ ಕೂರುವ ಜಾಗ, ಕಾಲುಗಳಿದ್ದೂ ಬಲವಿಲ್ಲದವರ ಭಾರ ಕೂರುವ ಜಾಗ ಒಂದೇ ಅಲ್ಲ. ಜೊತೆಗೆ ಗಂಡು ಹೆಣ್ಣಿನ ಬಲದ ವ್ಯತ್ಯಾಸವೂ ಇದೆ. ಇದನ್ನು ಸರಿದೂಗಿಸಲು ಹುಟ್ಟಿನ ಉದ್ದ, ಹುಟ್ಟು ಕೂರುವ ಲೋಹದ ಚೌಕಟ್ಟಿನ ಅಗಲ ಮುಂತಾದವನ್ನು ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಹೊಂದಿಸಬಹುದು. ಹೊಂದಿಸಲಾಗದ್ದು ಸಮಯಪ್ರಜ್ಞೆ. ಅದನ್ನು ದಿನದಿನದ ಅಭ್ಯಾಸದಲ್ಲೇ ಕಟ್ಟಬೇಕು. ಈ ಜೋಡಿ 2023ರಲ್ಲಿ ಬೆಲ್‌ಗ್ರೇಡ್‌ನಲ್ಲಿ ವಿಶ್ವ ಚಾಂಪಿಯನ್ ಆಯಿತು. 2024ರ ಸೆಪ್ಟೆಂಬರ್ 1ರಂದು ಪ್ಯಾರಿಸ್ ಸಮೀಪದ ವೇರ್-ಸುರ್-ಮಾರ್ನ್‌ನಲ್ಲಿ ಚಿನ್ನ ಗೆದ್ದಿತು. ಚೀನಾ ಎರಡನೆಯದು, ಇಸ್ರೇಲ್ ಮೂರನೆಯದು.

ಇಬ್ಬರು ಜೊತೆಗಾರರ ಜೊತೆ ಗೆದ್ದವರ ಬಗ್ಗೆ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು: ರೋಲ್ಸ್ ಅವರ ದೊಡ್ಡ ಶಕ್ತಿ ಹೊಂದಿಕೊಳ್ಳುವ ಕಿವಿ ಮತ್ತು ಬೆನ್ನು. ಟೋಕಿಯೊ ಮತ್ತು ಪ್ಯಾರಿಸ್ ಫೈನಲ್‌ಗಳನ್ನು ಒಂದರ ಹಿಂದೊಂದು ಹಾಕಿಕೊಂಡು ಅವರೊಬ್ಬರನ್ನೇ ನೋಡಿ. ಜೊತೆಗಾರ ಬದಲಾದಾಗ ಅವರು ಯಾವುದನ್ನು ಬಿಟ್ಟುಕೊಟ್ಟರು, ಯಾವುದನ್ನು ಉಳಿಸಿಕೊಂಡರು ಎಂದು ಹುಡುಕುವುದೇ ರಸಿಕರ ಕೆಲಸ.

ನಮ್ಮವರನ್ನು ನೋಡುವಾಗ

ಅದೇ ಪ್ಯಾರಿಸ್, ಅದೇ ಸ್ಪರ್ಧೆಯಲ್ಲಿ ಭಾರತದ ಜೋಡಿಯೂ ಇತ್ತು: ಅನಿತಾ ಮತ್ತು ಆಂಧ್ರದ ಕೊಂಗನಪಲ್ಲಿ ನಾರಾಯಣ. ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದವರು. ಪ್ಯಾರಿಸ್‌ನಲ್ಲಿ ಬಿ ಫೈನಲ್‌ನಲ್ಲಿ ಎರಡನೆಯವರಾಗಿ ಒಟ್ಟಾರೆ ಎಂಟನೆಯ ಸ್ಥಾನ ಪಡೆದರು. ಬಿ ಫೈನಲ್ ಎಂದರೆ ಏಳನೆಯ ಸ್ಥಾನದಿಂದ ಕೆಳಗಿನದನ್ನು ತೀರ್ಮಾನಿಸುವ ಪಂದ್ಯ. ಪದಕವಿಲ್ಲವೆಂದು ಟಿವಿಯವರು ಅದನ್ನು ಹಾರಿಸಿಬಿಡುವುದುಂಟು, ಕಲಿಯುವವರು ಹಾರಿಸಬಾರದು. ಎ ಫೈನಲ್ ಮತ್ತು ಬಿ ಫೈನಲ್‌ನ ದೋಣಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗಲೇ ಹೊಡೆತದ ಸಣ್ಣ ವ್ಯತ್ಯಾಸಗಳು ಕಣ್ಣಿಗೆ ಹತ್ತುವುದು. ದೇಶಾಭಿಮಾನದಿಂದ ಕೂಗುವುದರ ಜೊತೆಗೆ ಯಾವ 500 ಮೀಟರಿನಲ್ಲಿ ಅಂತರ ಬಿತ್ತು ಎಂದೂ ಕೇಳಿಕೊಳ್ಳಿ.

ಮುಂದಿನ ಸಲಕ್ಕೆ

ಕ್ಯಾಮೆರಾ ಪಕ್ಕದಿಂದ ತೋರಿಸುವಾಗ ಬೆನ್ನುಗಳ ಕೋನ ನೋಡಿ. ಮೇಲಿನಿಂದ ತೋರಿಸುವಾಗ ಅಲಗುಗಳು ನೀರಿನಲ್ಲಿ ಬಿಟ್ಟ ಸುಳಿಗಳ ನಡುವಿನ ಅಂತರ ನೋಡಿ. ಕೊನೆಯ 250 ಮೀಟರಿನಲ್ಲಿ ಮಾತ್ರ ಮುಂದಿರುವವರು ಯಾರೆಂದು ನೋಡಿ.

2028ರ ಲಾಸ್ ಏಂಜಲೀಸ್‌ನಲ್ಲಿ ರೋಯಿಂಗ್ ನಡೆಯುವುದು ಲಾಂಗ್ ಬೀಚ್‌ನಲ್ಲಿ. ಅಲ್ಲಿನ ನೀರಿನ ಉದ್ದಕ್ಕೆ ತಕ್ಕಂತೆ ಪಂದ್ಯದ ದೂರ 1500 ಮೀಟರ್. ರಿಯೊದ ಆತುರಕ್ಕೂ ಟೋಕಿಯೊದ ಲೆಕ್ಕಾಚಾರಕ್ಕೂ ನಡುವೆ ಬೀಳುವ ದೂರ ಇದು. ಶುರುವಿನಲ್ಲೇ ನುಗ್ಗಿದವರು ಉಳಿಯುತ್ತಾರೋ, ಕಾದು ಬಂದವರು ಹಿಡಿಯುತ್ತಾರೋ? ಬಂದೂಕಿನ ಬದಲು ಹಸಿರು ದೀಪ ಬೆಳಗುವ ಮೊದಲೇ ನಿಮ್ಮ ಊಹೆಯನ್ನು ಒಂದು ಚೀಟಿಯಲ್ಲಿ ಬರೆದಿಡಿ. ತಪ್ಪಾದರೂ ಪರವಾಗಿಲ್ಲ, ಯಾಕೆ ತಪ್ಪಾಯಿತೆಂದು ಹೇಳಬಲ್ಲಿರಾದರೆ ಈ ಕೈಪಿಡಿಯ ಕೆಲಸ ಮುಗಿಯಿತು.