ಗಂಡಭೇರುಂಡದ ಅಕ್ಕಪಕ್ಕ ನಿಂತವರು ಯಾರು?

ಕರ್ನಾಟಕ ಸರ್ಕಾರದ ಲಾಂಛನದಲ್ಲಿ ಮಧ್ಯದ ಹಕ್ಕಿ ಯಾವುದು ಅಂತ ಕೇಳಿದರೆ ಶಾಲೆ ಮಕ್ಕಳೂ ಗಂಡಭೇರುಂಡ ಅಂತಾರೆ. ಅದರ ಗುರಾಣಿಯನ್ನು ಎರಡೂ ಬದಿಯಿಂದ ಹಿಡಿದು ನಿಂತ ಪ್ರಾಣಿಗಳು ಯಾವುವು ಅಂತ ಕೇಳಿ ನೋಡಿ. ಸಿಂಹ ಅನ್ನುವವರೇ ಹೆಚ್ಚು, ಕುದುರೆ ಅಂದವರನ್ನೂ ಕಂಡಿದ್ದೇನೆ. ಸರಿಯಾಗಿ ಅಚ್ಚಾದ ಪ್ರತಿಯಲ್ಲಿ ನೋಡಿದರೆ ಹಳದಿ ಸಿಂಹದ ಮೈ, ಕೆಂಪು ಕೇಸರ, ಆನೆಯ ತಲೆ ಮತ್ತು ಸೊಂಡಿಲು. ರಬ್ಬರ್ ಸ್ಟಾಂಪಿಗೆ ಇಳಿಯುವ ಹೊತ್ತಿಗೆ ಸೊಂಡಿಲು ಮಾಯ.

ಇದನ್ನು ಅಚ್ಚಿನ ದೋಷ ಅಂತ ಬಿಟ್ಟುಬಿಡಬಹುದು. ನನ್ನ ತಕರಾರು ಬೇರೆ. ನಾವು ಚಿತ್ರವನ್ನಷ್ಟೇ ನಕಲು ಮಾಡುತ್ತಾ ಬಂದಿದ್ದೇವೆ, ಅದನ್ನು ಹೇಳುವ ಮಾತನ್ನು ಬಳಕೆಯಲ್ಲಿ ಇಟ್ಟುಕೊಂಡಿಲ್ಲ. ಡ್ರಾಯಿಂಗ್ ಮಾತ್ರ ಇದ್ದು ಸ್ಪೆಸಿಫಿಕೇಶನ್ ಇಲ್ಲದ ಕೆಲಸದಲ್ಲಿ ಏನಾಗುತ್ತೆ ಅನ್ನೋದು ಸೈಟಿನಲ್ಲಿ ನಿಂತವರಿಗೆಲ್ಲ ಗೊತ್ತು.

ಶಾಸನಗಳಲ್ಲಿ ಮಾತಿಗೇ ಮೊದಲ ಸ್ಥಾನ. ಬಾದಾಮಿ ಚಾಲುಕ್ಯರ ಪ್ರಶಸ್ತಿ ವರಾಹಲಾಂಛನವನ್ನು ಹೆಸರಿಸಿ ಸುಮ್ಮನಾಗುವುದಿಲ್ಲ. ಅದು ನಾರಾಯಣನ ಪ್ರಸಾದದಿಂದ ಬಂದದ್ದು, ಅದನ್ನು ಕಂಡ ಕ್ಷಣದಲ್ಲೇ ಅರಸರೆಲ್ಲ ವಶವಾದರು ಅಂತ ಲಾಂಛನದ ಮೂಲ, ಕೆಲಸ ಎರಡನ್ನೂ ಹೇಳುತ್ತದೆ. ಹಾನಗಲ್ಲು, ಗೋವೆಯ ಕದಂಬರಲ್ಲಿ ವಿವರ ಇನ್ನೂ ಹೆಚ್ಚು: ಸಿಂಹಲಾಂಛನ, ಶಾಖಾಚರೇಂದ್ರಧ್ವಜ, ಪೆರ್ಮಟ್ಟಿ ತೂರ್ಯ. ಅಂದರೆ ಮುದ್ರೆಗೆ ಸಿಂಹ, ಬಾವುಟಕ್ಕೆ ವಾನರ, ಮುಂದೆ ಮೊಳಗುವ ವಾದ್ಯ ಬೇರೆ. ಸವದತ್ತಿಯ ರಟ್ಟರಿಗೆ ಸಿಂಧೂರಲಾಂಛನ (ಆನೆ), ಸುವರ್ಣಗರುಡಧ್ವಜ, ತ್ರಿವಳಿ ತೂರ್ಯ. ತಾಮ್ರಪಟದ ಮುದ್ರೆ ಕಳೆದುಹೋದರೂ, ಬಾವುಟ ಗೆದ್ದಲಿಗೆ ಹೋದರೂ, ಕಲ್ಲಿನ ಮೇಲಿನ ಆ ಎರಡು ಸಾಲು ಇದ್ದರೆ ಕಲಾವಿದ ಮತ್ತೆ ಬರೆಯಬಲ್ಲ. ಲಾಂಛನ ಬೇರೆ, ಧ್ವಜ ಬೇರೆ ಅನ್ನುವ ಭೇದವೂ ಅವರಿಗೆ ಖಚಿತ. ನಾವು ಎಲ್ಲಕ್ಕೂ ಒಟ್ಟಾಗಿ ‘ಲೋಗೋ’ ಅಂದುಬಿಟ್ಟೆವು.

ಮಾತು ಗಟ್ಟಿಯಾಗಿದ್ದರೆ ರೂಪ ಬದಲಾದರೂ ತೊಂದರೆ ಇಲ್ಲ ಅನ್ನೋದಕ್ಕೆ ಗಂಡಭೇರುಂಡವೇ ಸಾಕ್ಷಿ. ಬಳ್ಳಿಗಾವಿಯಲ್ಲಿ ಚಾಮುಂಡರಾಯರಸ 1047ರಲ್ಲಿ ನಿಲ್ಲಿಸಿದ ಕಂಬದ ಮೇಲಿನದು ಮನುಷ್ಯನ ಮೈ, ಎರಡು ಹಕ್ಕಿತಲೆ. ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿ ಅದು ಪೂರ್ತಿ ಹಕ್ಕಿ, ಕೊಕ್ಕು ಉಗುರುಗಳಲ್ಲಿ ಆನೆಗಳು. ಇವತ್ತಿನ ಗುರಾಣಿಯಲ್ಲಿ ಆನೆಗಳಿಲ್ಲ. ಮೂರೂ ಬೇರೆ ಬೇರೆ, ಆದರೂ ಯಾರಿಗೂ ಗೊಂದಲವಿಲ್ಲ, ಯಾಕಂದ್ರೆ ಹೆಸರು ಉಳಿದಿದೆ. (ಬಳ್ಳಿಗಾವಿಯ ಶಾಸನಗಳಲ್ಲಿ ಭೂಮಿ ಅಳೆಯುವ ಗಳೆಗೂ ‘ಭೇರುಂಡ’ ಅನ್ನುವ ಹೆಸರಿದೆ. ಅಳತೆಗೋಲಿಗೆ ಇಷ್ಟು ಚೆಂದದ ಹೆಸರು ನಮ್ಮ ಇಲಾಖೆಗಳಿಗೆ ಹೊಳೆದೀತೆ!)

ಪಕ್ಕದ ಪ್ರಾಣಿಗೆ ಆ ಭಾಗ್ಯವಿಲ್ಲ. ಒಬ್ಬರು ಗಜಕೇಸರಿ ಅಂತಾರೆ, ಇನ್ನೊಬ್ಬರು ಸಿಂಹ ಅಂತಾರೆ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯದ ಲಾಂಛನದಲ್ಲೂ ಗಂಡಭೇರುಂಡದ ಇಕ್ಕೆಲದಲ್ಲಿ ಇದೇ ಆನೆ-ಸಿಂಹ ಇದೆ, ಅಲ್ಲಿ ಅದರ ಹೆಸರು ಶರಭ. ಇದು ನನಗೆ ಒಪ್ಪಿಗೆಯಾಗದು. ಜನ ಹೇಳುವ ಕಥೆಯಲ್ಲಿ ನರಸಿಂಹನನ್ನು ಅಡಗಿಸಲು ಶಿವ ಶರಭನಾದ, ಶರಭನನ್ನು ಅಡಗಿಸಲು ವಿಷ್ಣು ಗಂಡಭೇರುಂಡನಾದ. ಬೇಲೂರಿನ ಚೆನ್ನಕೇಶವ ಗುಡಿಯ ಒಂದು ಕೆತ್ತನೆಯಲ್ಲಿ ಜಿಂಕೆಯನ್ನು ಹೆಬ್ಬಾವು, ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ ಹಿಡಿದರೆ, ಕೊನೆಗೆ ಶರಭನನ್ನು ಹಿಡಿಯುವುದು ಗಂಡಭೇರುಂಡ. ಆ ಲೆಕ್ಕದಲ್ಲಿ ನಾವು ಊಟವನ್ನೇ ಕಾವಲಿಗೆ ನಿಲ್ಲಿಸಿದ ಹಾಗಾಯ್ತು! ಶಿಲ್ಪದಲ್ಲಿ ಶರಭನಿಗೆ ಇರುವುದು ಹಕ್ಕಿಯ ರೆಕ್ಕೆ, ಸೊಂಡಿಲಲ್ಲ. ಸಿಂಹದ ಮೈಗೆ ಆನೆಯ ತಲೆ ಇದ್ದರೆ ಶಿಲ್ಪಿಗಳ ಮಾತಿನಲ್ಲಿ ಅದು ಗಜವ್ಯಾಳ. ಆ ಹೆಸರೇ ಇಲ್ಲಿಗೆ ಹೊಂದುತ್ತದೆ.

ಲಿಪಿಯ ಜಗಳವನ್ನು ನಾನು ಎತ್ತುವುದಿಲ್ಲ. ‘ಸತ್ಯಮೇವ ಜಯತೇ’ ನಾಗರಿಯಲ್ಲಿರುವುದು ಅದು ರಾಷ್ಟ್ರಲಾಂಛನದ ಭಾಗವಾದ್ದರಿಂದ. ವಿಜಯನಗರದ ತಾಮ್ರಪಟಗಳೂ ನಂದಿನಾಗರಿಯಲ್ಲೇ ಸಾಗಿ, ಕೊನೆಗೆ ಅರಸನ ಒಪ್ಪ ‘ಶ್ರೀ ವಿರೂಪಾಕ್ಷ’ ಮಾತ್ರ ಕನ್ನಡ ಅಕ್ಷರದಲ್ಲಿ ಬರುತ್ತದೆ. ಕೆಳಗೆ ‘ಕರ್ನಾಟಕ ಸರ್ಕಾರ’ ಅಂತ ಬರೆದಾಗ ಆ ಕೆಲಸ ಆಯಿತು.

ಪ್ರಶಸ್ತಿಯ ಜಾಡಿನಲ್ಲಿ ನಾನು ಬರೆದುಕೊಂಡ ವಿವರಣೆ ಇದು: ನೀಲಿ ಅಂಚಿನ ಕೆಂಪು ಗುರಾಣಿಯಲ್ಲಿ ಬಿಳಿಯ ಗಂಡಭೇರುಂಡ, ಮೇಲೆ ಅಶೋಕನ ಸಿಂಹಶಿಖರ, ಇಕ್ಕೆಲದಲ್ಲಿ ಹಸಿರೆಲೆಗಳ ಮೇಲೆ ನಿಂತ, ಕೆಂಪು ಕೇಸರದ ಹಳದಿ ಗಜವ್ಯಾಳಗಳು, ಕೆಳಗೆ ನಾಗರಿಯಲ್ಲಿ ಸತ್ಯಮೇವ ಜಯತೇ. ಸ್ಟಾಂಪು ಮಾಡುವವನ ಕೈಗೆ ಚಿತ್ರದ ಜೊತೆ ಈ ಚೀಟಿಯನ್ನೂ ಕೊಟ್ಟರೆ, ಸೊಂಡಿಲು ಬಿಟ್ಟುಹೋಗಿದ್ದು ಅವನಿಗೇ ಗೊತ್ತಾಗುತ್ತೆ. ‘ಗಜವ್ಯಾಳ’ದ ಬದಲು ಇದೇ ಆಕೃತಿಗೆ ಕನ್ನಡ ಶಾಸನದ್ದೇ ಪದ ಯಾರಿಗಾದರೂ ಸಿಕ್ಕಿದ್ದರೆ ತಿಳಿಸಿ, ಬದಲಾಯಿಸಿಕೊಳ್ಳುತ್ತೇನೆ.