ಸಾಂತ್ವನವನ್ನು ಒಲ್ಲದ ತಾಯಿ: ಡಿಮೀಟರ್ ಸ್ತೋತ್ರದ ಒಂದು ವಿಮರ್ಶೆ

ಹೋಮರನ ಹೆಸರಿನಲ್ಲಿ ಉಳಿದು ಬಂದಿರುವ ಸ್ತೋತ್ರಗಳಲ್ಲಿ ಡಿಮೀಟರ್ ದೇವಿಯನ್ನು ಕುರಿತದ್ದು ಸುಮಾರು 495 ಸಾಲುಗಳ ಕಥನಕಾವ್ಯ. ಅಥೆನ್ಸಿಗೆ ಸಮೀಪದ ಎಲ್ಯೂಸಿಸ್‌ನಲ್ಲಿ ಆ ಧಾನ್ಯದೇವಿಗೆ ಸಲ್ಲುತ್ತಿದ್ದ ರಹಸ್ಯಾರಾಧನೆಯ ಮೂಲಕಥೆ ಇದರಲ್ಲಿದೆ. ಮಗಳು ಪರ್ಸಿಫೋನೆ ಪಾತಾಳಕ್ಕಿಳಿದು ಮರಳುವುದನ್ನು ಬಿತ್ತಿದ ಕಾಳಿನ ರೂಪಕವೆಂದು ಓದಿ, ಯೊವಾನ್ನರ ಶುಭಸಂದೇಶದ ಗೋದಿಕಾಳಿನ ಮಾತಿಗೆ (12:24) ಜೋಡಿಸಿ, ಪುನರುತ್ಥಾನದ ಮುನ್ನೆರಳೆಂದು ಬೋಧಿಸುವುದು ಸುಲಭ. ಈ ಓದು ಕಾವ್ಯಕ್ಕೂ ಶುಭಸಂದೇಶಕ್ಕೂ ನ್ಯಾಯ ಒದಗಿಸದು ಎಂಬುದು ನಮ್ಮ ಅಭಿಪ್ರಾಯ.

ಪಠ್ಯವನ್ನೇ ನೋಡೋಣ. ಮಗಳು ಮರಳುವುದು ವಸಂತದ ಹೂಗಳೊಡನೆ, ನಿಜ. ಆದರೆ ಕವಿ ಎಲ್ಲಿಯೂ ಅವಳನ್ನು ಬೀಜಕ್ಕೆ ಹೋಲಿಸುವುದಿಲ್ಲ. ಬೀಜವನ್ನು ನೆಲದೊಳಗೆ ತಡೆಹಿಡಿದವಳು ತಾಯಿ. ಕಥೆಯನ್ನು ನಡೆಸುವುದು ಅವಳ ನಿರಾಕರಣೆ. ತಂದೆ ಜ್ಯೂಸ್ ಅವಳನ್ನು ಕೇಳದೆಯೇ ಮಗಳನ್ನು ಹೇಡೀಸನಿಗೆ ಒಪ್ಪಿಸಿದ್ದಾನೆ. ಡಿಮೀಟರ್ ಒಂಬತ್ತು ದಿನ ಪಂಜು ಹಿಡಿದು, ಉಣ್ಣದೆ ಮೀಯದೆ ಅಲೆಯುತ್ತಾಳೆ. ನಡೆದದ್ದನ್ನು ತಿಳಿಸುವ ಸೂರ್ಯದೇವ ಹೀಲಿಯಾಸ್ ಉಪದೇಶವನ್ನೂ ಸೇರಿಸುತ್ತಾನೆ: ಹೇಡೀಸ್ ಅಯೋಗ್ಯ ಅಳಿಯನೇನಲ್ಲ, ಗೋಳಾಟ ಸಾಕು ಎಂದು. ಆ ಸಾಂತ್ವನದ ಬಳಿಕ ಅವಳ ದುಃಖ ಇನ್ನಷ್ಟು ಉಗ್ರವಾಗುತ್ತದೆ. ಮುಂದೆ ದೇವತೆಗಳು ಒಬ್ಬೊಬ್ಬರಾಗಿ ಕಾಣಿಕೆ ತಂದರೂ ಅವಳು ಒಲಿಯಳು. ಪೈರಿಲ್ಲದೆ ಮನುಷ್ಯರು ಅಳಿದರೆ ದೇವತೆಗಳಿಗೆ ಬಲಿಯೂ ಇಲ್ಲ. ಕೊನೆಗೆ ಜ್ಯೂಸನೇ ಮಣಿಯುತ್ತಾನೆ. ಒಬ್ಬ ತಾಯಿಯ ಶೋಕಕ್ಕೆ ದೇವಲೋಕದ ತೀರ್ಪನ್ನು ಕದಲಿಸುವ ಬಲ ಕೊಟ್ಟದ್ದು ಈ ಕವಿಯ ಹಿರಿಮೆ.

ಕಾವ್ಯದ ಮಿತಿ ಅದರ ಮುಕ್ತಾಯದಲ್ಲಿದೆ. ಪಾತಾಳದಲ್ಲಿ ದಾಳಿಂಬೆಯ ಕಾಳನ್ನು ತಿಂದ ಮಗಳು ವರ್ಷದ ಮೂರನೆಯ ಒಂದು ಭಾಗವನ್ನು ಅಲ್ಲಿಯೇ ಕಳೆಯಬೇಕು. ಸಾವಿಗೆ ಅದರ ಪಾಲು ಸಂದಿತು. ಎಲ್ಯೂಸಿಸ್‌ನಲ್ಲಿ ದೀಕ್ಷೆ ಪಡೆದವರಿಗೂ ಈ ಸ್ತೋತ್ರ ಭರವಸೆಯೀಯುವುದು ಕತ್ತಲೆಯೊಳಗೇ ಮೇಲಾದೊಂದು ಗತಿಯನ್ನು. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೆಯ ಅಧ್ಯಾಯದಲ್ಲಾದರೋ ಮರಣವು ನಾಶವಾಗಬೇಕಾದ ಕಡೆಯ ಶತ್ರು, ಅದರೊಡನೆ ಪಾಲುಪಟ್ಟಿಯಿಲ್ಲ. ಈ ಅಂತರವನ್ನು ಮುನ್ನೆರಳೆಂಬ ಮಾತು ಮರೆಮಾಡುತ್ತದೆ.

ಆದರೂ ಹೀಲಿಯಾಸನ ದನಿ ನಮ್ಮ ಶವಸಂಸ್ಕಾರದ ಪ್ರಬೋಧನೆಗಳಲ್ಲಿ ಕೇಳಿಸುವುದುಂಟು: ಇದು ದೈವಚಿತ್ತ, ಮಗು ಒಳ್ಳೆಯ ಕಡೆ ಸೇರಿದೆ, ಅಳಬೇಡಿ. ಪುನರುತ್ಥಾನದ ನಿರೀಕ್ಷೆ ಇಂಥ ಅವಸರವನ್ನು ಬೇಡುವುದಿಲ್ಲ. ಲಾಜರನನ್ನು ಎಬ್ಬಿಸಲಿದ್ದೇನೆಂದು ಅರಿತಿದ್ದೂ ಯೇಸು ಅತ್ತರು. ಸಾಂತ್ವನವನ್ನು ಒಲ್ಲದ ರಾಖೇಲಳಿಗೆ ಮತ್ತಾಯರು ಕ್ರಿಸ್ತಜನನದ ವೃತ್ತಾಂತದಲ್ಲಿಯೇ ಎಡೆಯಿತ್ತರು. ಮಗುವನ್ನು ಮಣ್ಣುಮಾಡಿ ಬಂದ ತಾಯಿಯ ಮುಂದೆ ಯಾಜಕನು ಪುನರುತ್ಥಾನವನ್ನು ಸಾರಲೇಬೇಕು. ಆದರೆ ಅವಳ ಅಳುವನ್ನು ನಿಲ್ಲಿಸುವುದಕ್ಕಾಗಿ ಅಲ್ಲ.