ನಪುಂಸಕಶಬ್ದ ಮತ್ತು ವೈದ್ಯಪರಿಭಾಷೆಯ ಔಚಿತ್ಯ

ಶಾಸ್ತ್ರದ ಪಾರಿಭಾಷಿಕ ಪದವೊಂದರ ಗುಣದೋಷಗಳನ್ನು, ಅದು ಯಾರ ಕಿವಿಗೆ ಬೀಳುವುದೋ ಅವರನ್ನು ಮರೆತು ವಿಚಾರಿಸಲಾಗದು. ಗಂಡುಮಕ್ಕಳಲ್ಲಿ ಅತಿ ವಿರಳವಾಗಿ ಕಾಣುವ ಒಂದು ದೇಹಸ್ಥಿತಿಗೆ ಕನ್ನಡದಲ್ಲಿ ಯಾವ ಹೆಸರು ಸಲ್ಲುವುದೆಂಬ ಪ್ರಶ್ನೆಯು ಇದಕ್ಕೆ ತಕ್ಕ ನಿದರ್ಶನ. ಬಾಲಕನ ಹೊರ ಅಂಗಗಳೆಲ್ಲವೂ ಗಂಡಿನವೇ. ಆದರೆ ಬೀಜ ಇಳಿದಿಲ್ಲವೆಂದೋ ಹರ್ನಿಯವೆಂದೋ ಶಸ್ತ್ರಕ್ರಿಯೆ ಮಾಡುವಾಗ ಒಳಗೆ ಒಂದು ಸಣ್ಣ ಗರ್ಭಾಶಯವೂ ಅಂಡನಾಳಗಳೂ ಗೋಚರಿಸುವುವು. ಈ ಸಂಗತಿಯನ್ನು ತಾಯಿಗೆ ತಿಳಿಸಬೇಕಾದ ಮಾತು ಯಾವುದು?

ಮೊದಲು ವಸ್ತುಸ್ಥಿತಿಯನ್ನು ತಿಳಿಯಬೇಕು. ಜೊಹಾನೆಸ್ ಮ್ಯುಲ್ಲರನು 1830ರಲ್ಲಿ ವರ್ಣಿಸಿದ ಜೋಡಿನಾಳಗಳು ಭ್ರೂಣದ ಆರಂಭದಲ್ಲಿ ಗಂಡುಹೆಣ್ಣುಗಳಿಬ್ಬರಲ್ಲಿಯೂ ಇರುವುವು. ಹೆಣ್ಣಿನಲ್ಲಿ ಅವೇ ಗರ್ಭಾಶಯವಾಗುವುವು. ಆಲ್ಫ್ರೆಡ್ ಜೋಸ್ಟನು ಮೊಲದ ಭ್ರೂಣಗಳ ಮೇಲೆ ನಡೆಸಿ 1947ರಿಂದ ಪ್ರಕಟಿಸಿದ ಪ್ರಯೋಗಗಳಿಂದ, ಇವನ್ನು ಕರಗಿಸಲು ವೃಷಣವು ಪುಂಸ್ತ್ವದ ಹಾರ್ಮೋನಿನ ಹೊರತಾಗಿ ಬೇರೊಂದು ಸ್ರಾವವನ್ನು ಕೊಡುವುದೆಂಬುದು ಸಿದ್ಧವಾಯಿತು. ಆ ಸ್ರಾವದ ಜೀನಿನಲ್ಲಾಗಲಿ ಅದನ್ನು ಗ್ರಹಿಸುವ ಗ್ರಾಹಕದ ಜೀನಿನಲ್ಲಾಗಲಿ ಲೋಪವಿದ್ದರೆ ನಾಳಗಳು ಕರಗದೆ ಉಳಿಯುವುವು. ತಂದೆತಾಯಿಗಳಿಬ್ಬರೂ ಲೋಪವನ್ನು ಹೊತ್ತವರಾಗಿದ್ದಾಗ ಮಾತ್ರ ಮಗನಲ್ಲಿ ಇದು ಪ್ರಕಟವಾಗುವುದರಿಂದ, ಸೋದರಸಂಬಂಧದ ಮದುವೆಗಳು ರೂಢಿಯಾಗಿರುವ ಸೀಮೆಗಳಲ್ಲಿ ಇದರ ಸಂಭವವು ಹೆಚ್ಚು.

ಚಿಕಿತ್ಸೆಯ ಮುಖ್ಯೋದ್ದೇಶವು ವೃಷಣಗಳನ್ನು ಕೋಶಕ್ಕಿಳಿಸುವುದು; ಹೊಟ್ಟೆಯಲ್ಲಿ ಉಳಿದ ವೃಷಣಕ್ಕೆ ಅರ್ಬುದದ ಭಯವುಂಟು, ಸಂತಾನಶಕ್ತಿಯೂ ಕುಂದುವುದು. ಗರ್ಭಾಶಯದ ವಿಷಯದಲ್ಲಿಯಾದರೋ ಶಸ್ತ್ರವೈದ್ಯರಲ್ಲಿ ಮತಭೇದವಿದೆ. ಶುಕ್ರನಾಳಗಳು ಅದರ ಗೋಡೆಗೆ ಅಂಟಿಕೊಂಡು ಸಾಗುವುದರಿಂದ ಅದನ್ನು ಕತ್ತರಿಸಿ ತೆಗೆದರೆ ನಾಳವೂ ವೃಷಣದ ರಕ್ತಸಂಚಾರವೂ ಕೆಡಬಹುದು. ಆದುದರಿಂದ ಅದನ್ನು ನಡುವೆ ಸೀಳಿ, ವೃಷಣಗಳನ್ನು ಇಳಿಸಿ, ಉಳಿದುದನ್ನು ಬಿಡುವ ಪದ್ಧತಿ ಬಂದಿತು. ಬಿಟ್ಟ ಭಾಗದಲ್ಲಿಯೂ ಅರ್ಬುದ ಹುಟ್ಟಿದ ವರದಿಗಳು ಬಂದ ಮೇಲೆ, ಸಾಧ್ಯವಾದಷ್ಟನ್ನು ಜಾಗರೂಕತೆಯಿಂದ ತೆಗೆಯಬೇಕೆಂಬ ಪಕ್ಷವು ಬಲವಾಗಿದೆ. ಇಲ್ಲಿ ಗಮನಿಸತಕ್ಕುದೊಂದುಂಟು: ಬಾಲಕನು ಗಂಡೆಂಬುದು ಈ ವಾದದಲ್ಲಿ ಎಲ್ಲಿಯೂ ಸಂದಿಗ್ಧವಲ್ಲ.

ಹೀಗಿದ್ದರೂ ಲೋಕವ್ಯವಹಾರದಲ್ಲಿ ಸಿದ್ಧವಾಗಿ ನಿಂತಿರುವ ಮಾತುಗಳು ‘ಷಂಡ’, ‘ನಪುಂಸಕ’ ಎಂಬಿವೇ. ಚರಕಸಂಹಿತೆಯ ಶಾರೀರಸ್ಥಾನವು ಇಂತಹ ಪ್ರಕೃತಿಗಳನ್ನು ಎಂಟಾಗಿಯೂ ಸುಶ್ರುತಸಂಹಿತೆಯು ಐದಾಗಿಯೂ ಎಣಿಸುವುವು. ಭೇದಗಳನ್ನು ವಿಂಗಡಿಸುವ ಅವುಗಳ ಶ್ರದ್ಧೆ ಮೆಚ್ಚತಕ್ಕುದೇ. ಆದರೆ ಕಾರಣವನ್ನು ತಂದೆತಾಯಿಗಳ ಬೀಜದಲ್ಲಿಯೂ ನಡತೆಯಲ್ಲಿಯೂ ಹುಡುಕಿದುದರಿಂದ ಈ ಶಬ್ದಗಳಿಗೆ ನಿಂದೆಯ ವಾಸನೆಯು ಹತ್ತಿತು.

ವ್ಯಾಕರಣದಲ್ಲಿ ಆ ವಾಸನೆಯಿಲ್ಲ. ಕೇಶಿರಾಜನ ಶಬ್ದಮಣಿದರ್ಪಣವು ಲಿಂಗಭೇದಗಳನ್ನು ಒಂಬತ್ತರವರೆಗೆ ಎಣಿಸುವುದು. ಕನ್ನಡದ ಲಿಂಗವಿವಕ್ಷೆಯಾದರೋ ಅರ್ಥವನ್ನು ಅನುಸರಿಸುವುದು. ಕನ್ನಡಿಗರು ‘ಮಗು ಅತ್ತಿತು’ ಎನ್ನುವಾಗ ಮಗುವೇ ನಪುಂಸಕಲಿಂಗ. ಅದರಿಂದ ಯಾರಿಗೂ ಅವಮಾನವಿಲ್ಲ. ಜೈನಶಾಸ್ತ್ರಕಾರರು ಇನ್ನೂ ಮುಂದೆ ಹೋಗಿ ದೇಹದ ದ್ರವ್ಯವೇದವನ್ನೂ ಮನಸ್ಸಿನ ಭಾವವೇದವನ್ನೂ ಬೇರ್ಪಡಿಸಿದರು. ಅಮೋಘವರ್ಷನ ಕಾಲದ ವೈಯಾಕರಣನಾದ ಶಾಕಟಾಯನನು ಸ್ತ್ರೀನಿರ್ವಾಣಪ್ರಕರಣದಲ್ಲಿ ‘ಸ್ತ್ರೀ’ ಎಂಬ ಶಬ್ದಕ್ಕೆ ಮುಖ್ಯಾರ್ಥವೇ ಗ್ರಾಹ್ಯವೆಂದು ವಾದಿಸಿದನು. ಲಿಂಗವಾಚಕ ಶಬ್ದದ ಅರ್ಥನಿರ್ಣಯವು ಕರ್ಣಾಟಕದ ಪಂಡಿತರಿಗೆ ಹೊಸ ಕೆಲಸವಲ್ಲವೆಂಬುದಕ್ಕೆ ಇಷ್ಟು ಸಾಕು.

ತೆಂಗಿನ ಸೀಮೆಯು ಈ ವಿಚಾರಕ್ಕೆ ಎರಡು ಅಳತೆಗೋಲುಗಳನ್ನು ಕೊಟ್ಟಿದೆ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಜನಿಸಿದ ಬಿ. ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡದಲ್ಲಿ ‘ಕನ್ನಡ ಮಾತು ತಲೆ ಎತ್ತುವ ಬಗೆ’ಯನ್ನು ಕುರಿತು ಉಪನ್ಯಸಿಸಿ, ಬರೆವ ಭಾಷೆಯು ಆಡುವ ಜನರಿಗೆ ಸಮೀಪವಾಗಬೇಕೆಂಬ ಪಕ್ಷವನ್ನು ಹಿಡಿದರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ. ನಂ. ಶ್ರೀಕಂಠಯ್ಯನವರು 1953ರ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಧ್ವನಿ, ಔಚಿತ್ಯಗಳ ವಿಚಾರವನ್ನು ಕನ್ನಡಕ್ಕೆ ಸುಲಭಗೊಳಿಸಿದರು. ಸುಬೋಧತೆ, ಔಚಿತ್ಯ ಎಂಬ ಈ ಎರಡರಿಂದಲೂ ಅಳೆದರೆ ‘ನಪುಂಸಕ’ ಶಬ್ದವು ನಿಲ್ಲದು: ಅದರ ವಾಚ್ಯಾರ್ಥವು ಈ ಬಾಲಕನಲ್ಲಿ ಸುಳ್ಳು, ಅದರ ಧ್ವನಿಯು ಕ್ರೂರ. ತಿಪಟೂರಿನ ತೋಟದಲ್ಲಿ ಒಂದೇ ಹೊಂಬಾಳೆಯಲ್ಲಿ ಹೆಣ್ಣುಹೂವೂ ಗಂಡುಹೂವೂ ಇರುವುವು; ಆ ಮರವನ್ನು ಯಾರೂ ಹಳಿಯರು. ಈ ಹೋಲಿಕೆಯನ್ನು ಬಹುದೂರ ಎಳೆಯಬಾರದು. ತೆಂಗಿಗೆ ಅದು ಸಹಜಧರ್ಮ, ಬಾಲಕನಿಗೆ ಚಿಕಿತ್ಸೆ ಬೇಕಾದ ಸ್ಥಿತಿ.

ಸೌಮ್ಯವಾದ ಹೆಸರು ಸತ್ಯವನ್ನು ಮರೆಮಾಡುವುದೆಂದು ಆಕ್ಷೇಪಿಸಬಹುದು. ಶಿಕಾಗೋದಲ್ಲಿ ಸೇರಿದ್ದ ತಜ್ಞರು 2006ರಲ್ಲಿ ಪ್ರಕಟಿಸಿದ ನಿರ್ಣಯದಲ್ಲಿ ಹಳೆಯ ಉಭಯಲಿಂಗವಾಚಕ ಪದಗಳನ್ನು ಕೈಬಿಟ್ಟುದು ಮರೆಮಾಚುವುದಕ್ಕಲ್ಲ. ಆ ಪದಗಳು ಭಿನ್ನಸ್ಥಿತಿಗಳನ್ನು ಒಂದಾಗಿ ಬೆರೆಸಿ ಚಿಕಿತ್ಸೆಗೇ ತೊಡಕಾಗಿದ್ದುವು. ಈ ವಿವೇಚನೆಯು ನ್ಯಾಯದಲ್ಲಿಯೂ ಅವಶ್ಯ. ಮದರಾಸು ಉಚ್ಚ ನ್ಯಾಯಾಲಯದ 2019ರ ತೀರ್ಪನ್ನು ಅನುಸರಿಸಿ ತಮಿಳುನಾಡು ಸರ್ಕಾರವು ಅಂತರಲಿಂಗಿ ಶಿಶುಗಳನ್ನು ಗಂಡೋ ಹೆಣ್ಣೋ ಎಂದು ತಿದ್ದುವ ಶಸ್ತ್ರಕ್ರಿಯೆಯನ್ನು, ಪ್ರಾಣಾಪಾಯದ ಸಂದರ್ಭವನ್ನು ಬಿಟ್ಟು, ನಿಷೇಧಿಸಿತು. ಬೀಜವನ್ನು ಇಳಿಸುವ ಕ್ರಿಯೆಯ ಉದ್ದೇಶವೇ ಬೇರೆ. ಎಲ್ಲವನ್ನೂ ಒಂದೇ ಶಬ್ದದಲ್ಲಿ ಕಟ್ಟಿದರೆ ತಡೆಯಬೇಕಾದುದು ನಡೆಯುವುದು, ನಡೆಯಬೇಕಾದುದು ತಡೆಯುವುದು.

ಆದುದರಿಂದ ವರ್ಗಕ್ಕೆ ‘ಲಿಂಗವಿಕಾಸಭೇದ’ ಎಂಬುದೂ, ಪ್ರಕೃತ ಸ್ಥಿತಿಗೆ ‘ಮ್ಯುಲ್ಲರ್‌ನಾಳಶೇಷ’ ಎಂಬುದೂ ಗ್ರಂಥಗಳಲ್ಲಿ ಸಲ್ಲುವುವು. ತಾಯಿಯ ಮುಂದೆ ಇವೂ ಬೇಡ. ಹುಟ್ಟುವ ಮೊದಲೇ ಕರಗಬೇಕಾಗಿದ್ದ ನಾಳವು ಕರಗದೆ ಉಳಿದಿದೆ, ಮಗನು ಮಗನೇ, ಬೀಜವನ್ನು ಕೆಳಗಿಳಿಸಬೇಕು ಎಂದರೆ ಶಾಸ್ತ್ರಕ್ಕೆ ಕುಂದಿಲ್ಲ. ಪರಿಭಾಷೆಯು ಶಾಸ್ತ್ರಕ್ಕೂ ಜನಕ್ಕೂ ನಿಷ್ಠವಾಗಿರುವುದು ಇಂತಹ ಸರಳ ವಾಕ್ಯಗಳಲ್ಲಿಯೇ.